ಕುಬಸ ಮುಗಿಸಿ ತವರಿಗೆ ಬಂದ ವಾಣಿಶ್ರೀ

ತಿಳವಳ್ಳಿಯ ಆ ಓಣಿಯಲ್ಲಿ ಕುಪ್ಪಸ ಹೊಲಿಸುವವರೆಲ್ಲ ವಾಣಿಶ್ರೀಯ ಮನೆಗೇ ಬರುತ್ತಿದ್ದರು. ಮದುವೆಯಾಗಿ ಬಂದ ಎರಡೇ ವರ್ಷದಲ್ಲಿ ಅವಳ ಕೈ ಎಲ್ಲರಿಗೂ ಹಿಡಿಸಿತ್ತು. ಅಳತೆ ತೆಗೆಯುತ್ತ ಕಾಡುವವಳು.

"ಯಕ್ಕಾ, ಎರಡ ಇಂಚ ಬೆಳದೀರಿ. ಮನ್ಯಾಗ ಉಳದವರಿಗೆ ತುಪ್ಪ ಹಾಕೂದಿಲ್ಲೇನ್ರಿ?"

ಏಳು ತಿಂಗಳ ಬಸುರಿಗೆ ಮಾಡುವ ಕುಬಸದ ಕುಪ್ಪಸವನ್ನೂ ತಾನೇ ಹೊಲಿದುಕೊಂಡಳು. ಅದರ ಹಿಂದಿನ ವಾರ ಆಶಾ ಕಾರ್ಯಕರ್ತೆ ವಿದ್ಯಾ ಅವಳನ್ನು ಸರಕಾರಿ ದವಾಖಾನೆಗೆ ಕರೆದೊಯ್ದಿದ್ದಳು. ಬಿ.ಪಿ. ಏರಿತ್ತು. ಡಾಕ್ಟರು ಗುಳಿಗೆ ಕೊಟ್ಟು, ತಪ್ಪದೆ ವಾರಕ್ಕೊಮ್ಮೆ ತೋರಿಸಲು ಹೇಳಿದರು.

ಕುಬಸ ಮುಗಿದು ತವರಿಗೆ ಹೊರಟಾಗ ಅತ್ತೆ ವೀರವ್ವ ಚೀಲದಿಂದ ಗುಳಿಗೆಯನ್ನೂ ತಾಯಿ ಕಾರ್ಡನ್ನೂ ತೆಗೆದಿಟ್ಟಳು.

"ಉಡಿ ತುಂಬಿಸ್ಕೊಂಡ ಹೊಂಟಾಕಿ ದವಾಖಾನಿ ಗುಳಿಗಿ ಒಯ್ತಾಳೇನು? ಇವತ್ತ ಬ್ಯಾಡವಾ, ಆಮ್ಯಾಲ ಕಳಸ್ತೇನಿ."

ಅತ್ತೆ ಅಕ್ಕರೆಯಿಂದ ಹೇಳಿದ್ದಳು. ವಾಣಿಶ್ರೀ ಹೂಂ ಎಂದು ಚೀಲದ ಬಾಯಿ ಕಟ್ಟಿದಳು.

ತವರು ಹುಲಗೂರಿನಾಚೆಯ ಸಣ್ಣ ಹಳ್ಳಿ. ಅಲ್ಲಿಗೆ ನರ್ಸು ಬರುವುದು ಗುರುವಾರ ಮಾತ್ರ. ಅವರ ಪಟ್ಟಿಯಲ್ಲಿ ವಾಣಿಶ್ರೀಯ ಹೆಸರಿರಲಿಲ್ಲ.

"ನಿಂದು ಗಂಡನ ಊರಾಗ ಐತಿ ತಂಗಿ. ಕಾರ್ಡ್ ತರಸು. ಬಿ.ಪಿ. ಮಷಿನ್ನೂ ರಿಪೇರಿಗೆ ಹೋಗೇತಿ, ಮುಂದಿನ ವಾರ ತರ್ತೇನಿ."

ಗಂಡ ಸುದೀಪನಿಗೆ ಫೋನ್ ಮಾಡಿದಳು. ಗೋವಿನಜೋಳದ ರಾಶಿ ನಡೆದಿತ್ತು. ಕಾರ್ಡು, ಗುಳಿಗೆ ಎರಡನ್ನೂ ಗುರುವಾರದೊಳಗೆ ತಂದುಕೊಡುತ್ತೇನೆ ಎಂದ.

ಮಂಗಳವಾರ ಹುಟ್ಟಲಿರುವ ಕೂಸಿನ ತಲೆಗೆ ಕುಲಾಯಿ ಹೊಲಿಯಲು ಕೂತಳು. ಬೆಳಗಿನಿಂದ ತಲೆ ಸಿಡಿಯುತ್ತಿತ್ತು, ಮುಖ ಬಾತಿತ್ತು.

"ಅವ್ವಾ, ಸೂಜಿ ಕಣ್ಣ ಕಾಣವಲ್ದು. ಕಣ್ಮುಂದ ಮಿಂಚಿಧಂಗ ಆಕ್ಕತಿ."

"ಮಂದಿ ಕುಪ್ಪಸ ಹೊಲದ ಹೊಲದ ಮುದುಕಿ ಆದಿ. ತಾ ಇಲ್ಲೆ," ಎಂದು ಅವ್ವ ನಗುತ್ತ ದಾರ ಪೋಣಿಸಿಕೊಟ್ಟಳು. ಆಮೇಲೆ ಮಗಳ ಮುಖ ನೋಡಿ ಕೇಳಿದಳು, "ಶಿಗ್ಗಾಂವಿ ದವಾಖಾನಿಗೆ ಹೋಗಿ ಬರೂಣೇನ?"

"ನಾಡದ ನರ್ಸಬಾಯಿ ಬರ್ತಾರಲ್ಲ ಬೇ. ಬಸ್ಸಿನ್ಯಾಗ ಕುಂಡ್ರಾಕ ಆಗೂದಿಲ್ಲ."

ಬುಧವಾರ ಬೆಳಗ್ಗೆ ಹಿತ್ತಿಲಲ್ಲಿ ಬಿದ್ದಳು. ಕೈಕಾಲು ಸೆಟೆದಿದ್ದವು. ಆಂಬುಲೆನ್ಸ್ ಕರೆಸಿ ಶಿಗ್ಗಾಂವಿಗೆ ಒಯ್ದರು. ಅಲ್ಲಿ ಇಂಜೆಕ್ಷನ್ ಕೊಟ್ಟು ಅದೇ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಹೊಟ್ಟೆಯಲ್ಲಿದ್ದ ಕೂಸು ಅಷ್ಟರಲ್ಲೇ ಹೋಗಿತ್ತು.

ಮರುದಿನ ಬೆಳಗ್ಗೆ ಡಾಕ್ಟರು ಅವ್ವನನ್ನು ಹೊರಗೆ ಕರೆದು, ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಕೇಳಿದರು.

"ಗುರುವಾರ ತೋರ್ಸೋರಿದ್ವಿರಿ," ಎಂದಳು ಅವ್ವ.

ಅಂದೇ ಗುರುವಾರ. ವಾಣಿಶ್ರೀಯ ಜೀವ ಮಧ್ಯಾಹ್ನದವರೆಗೆ ಇತ್ತು.