ಅತ್ತೆಯ ಮೂರು ಬಟ್ಟಲು

ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಾಗಿ ಉಳಿದಿರಬಹುದು. ನನ್ನ ಅತ್ತೆ, ಅಂದರೆ ಗಂಡನ ತಾಯಿ, ಹುಟ್ಟಿದ್ದು ಇಟಲಿಯಲ್ಲಿ, ಆಲ್ಪ್ಸ್ ಪರ್ವತದ ಬುಡದ ಸಣ್ಣ ಊರಿನಲ್ಲಿ. ಮೇಲೆ ಚೆಸ್ಟ್‌ನಟ್ ಎಂಬ, ಬೇಯಿಸಿ ತಿನ್ನುವ ಕಾಯಿಯ ಮರಗಳ ಕಾಡು, ಕೆಳಗೆ ಹೊಳೆಯ ದಡದಲ್ಲಿ ಉಣ್ಣೆಯ ಗಿರಣಿ. ಗಿರಣಿ ಮುಚ್ಚಿ ಅರ್ಧ ಊರೇ ವಲಸೆ ಹೋದದ್ದು ಮಹಾಯುದ್ಧಕ್ಕೆ ಮೊದಲೋ ಆಮೇಲೋ, ನಾನು ಬರೆದಿಟ್ಟುಕೊಳ್ಳಲಿಲ್ಲ.

ನವೆಂಬರ್ ಆರಂಭದ ಒಂದು ದಿನ ಸತ್ತವರು ಮನೆಗೆ ಬರುತ್ತಾರೆಂದು ಆ ಊರಿನವರು ಬೇಯಿಸಿದ ಚೆಸ್ಟ್‌ನಟ್ ಬಡಿಸಿಡುತ್ತಾರೆ. ಅತ್ತೆ ಬಂದು ನೆಲೆಸಿದ ಮೆಲ್ಬರ್ನ್‌ನಲ್ಲಿ ಋತುಗಳು ತಿರುವುಮುರುವು, ಅದು ಸಿಗುವುದು ಏಪ್ರಿಲ್‌ನಲ್ಲಿ. ಹಾಗಾಗಿ ಅತ್ತೆ ಅರ್ಧ ವರ್ಷ ಫ್ರೀಜರ್‌ನಲ್ಲಿ ಕಾಪಾಡುತ್ತಿದ್ದರು.

"ಕೈ ಹಾಕ್ಬೇಡ. ಸತ್ತವರಿಗೆ ನಿನ್ನಷ್ಟು ಹಸಿವಿಲ್ಲ, ಆದ್ರೂ ಅವರದ್ದು ಮೊದ್ಲು," ಎಂದು ನನ್ನನ್ನು ಛೇಡಿಸುತ್ತಿದ್ದರು.

ಅವರು ಇಡುತ್ತಿದ್ದುದು ಮೂರು ಬಟ್ಟಲು. ಒಂದು ತೀರಿಹೋದ ಮಾವನಿಗೆ, ಒಂದು ಅತ್ತೆಯ ತಾಯಿಗೆ. ಮೂರನೆಯದರ ಬಗ್ಗೆ ನಾನು ಕೇಳಿರಲೇ ಇಲ್ಲ.

ಈ ವರ್ಷ ಪಾರ್ಶ್ವವಾಯು ಬಡಿದು ಅತ್ತೆಗೆ ಮಾತೂ ಬರವಣಿಗೆಯೂ ನಿಂತುಹೋದವು. ಆಫೀಸಿಗೆ ರಜೆ ಹಾಕಿ ಸಿಡ್ನಿಯಿಂದ ಅವರ ಮನೆಗೆ ಬಂದು ನಾನೇ ಬೇಯಿಸಿದೆ. ಮರೆತು ಎರಡೇ ಬಟ್ಟಲಿಟ್ಟೆ. ಅತ್ತೆ ಎಡಗೈಯಿಂದ ಮೇಜು ತಟ್ಟತೊಡಗಿದರು. ಇನ್ನೊಂದನ್ನು ಇಟ್ಟ ಮೇಲೆ ಸುಮ್ಮನಾದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಗಂಡನನ್ನು ಕೇಳಿದೆ. "ನಂಗೇನ್ ಗೊತ್ತು? ಎಷ್ಟು ಬಟ್ಟಲು ಅಂತ ನಾನು ಯಾವತ್ತೂ ನೋಡಿಲ್ಲ," ಎಂದ.

ಮುಂದಿನ ವರ್ಷದಿಂದ ಬಡಿಸಬೇಕಾದವಳು ನಾನು. ಮೂರನೆಯ ಬಟ್ಟಲಿನವರ ಹೆಸರು ಗೊತ್ತಿರುವವರು ಅತ್ತೆ ಒಬ್ಬರೇ. ಅವರ ಪಕ್ಕದಲ್ಲಿ ಕುಳಿತು ಕೇಳಿದೆ. ಅವರು ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಸಿಡ್ನಿಗೆ ಮರಳಿದ ಮೇಲೂ, ಅವರು ಉತ್ತರಿಸಲಾರರೆಂದು ಗೊತ್ತಿದ್ದರೂ, ಫೋನಿನಲ್ಲಿ ಅದನ್ನೇ ಕೇಳುತ್ತೇನೆ: "ಅಮ್ಮ, ಇದು ಯಾರಿಗೆ?"