ಚರ್ಮ ಹಿಡಿದು ನಿಲ್ಲುವ ತನಕ

ಮೊದಲು ಬಾಯಿ ಹುಣ್ಣು. ಅಷ್ಟೇ.

ನನ್ನ ಹೆಂಡತಿ ಕಸ್ತೂರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಮೆತ್ತಗೆ ಮಾಡಿ ನುಂಗಲು ಶುರು ಮಾಡಿದಳು. ಉಷ್ಣ ಎಂದುಕೊಂಡೆ. ಮುಂಡರಗಿಯ ಮೆಡಿಕಲ್ ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ಗುಳಿಗೆ ತಂದುಕೊಟ್ಟೆ. ಗುಳಿಗೆ ಮುಗಿದವು, ಹುಣ್ಣು ಮಾಯಲಿಲ್ಲ. ನಾನು ಗದಗ ಬಸ್ಸಿನ ಕಂಡಕ್ಟರ್. ಇಷ್ಟು ವರ್ಷ ಜನರಿಗೆ "ಮುಂದ ನಡೀರಿ, ಮುಂದ ನಡೀರಿ" ಎಂದು ಒದರಿದವನು. ತಾಳ್ಮೆ ನನ್ನ ಜಾಯಮಾನವಲ್ಲ. "ಖಾರ ಬಿಡು ಅಂದ್ರ ಬಿಡೂದಿಲ್ಲ, ಅನುಭೋಗಸು" ಎಂದು ಬೈದೆ. ಅವಳು ಖಾರ ಬಿಟ್ಟು ಆಗಲೇ ತಿಂಗಳಾಗಿತ್ತು. ನಾನು ಗಮನಿಸಿರಲಿಲ್ಲ.

ಆಮೇಲೆ ಎದೆ, ಬೆನ್ನಿನ ಮೇಲೆ ಗುಳ್ಳೆ ಎದ್ದವು. ನೀರು ತುಂಬಿದ, ಸಡಿಲವಾದ ಗುಳ್ಳೆಗಳು. ಸುದ್ದಿ ಕೇಳಿ ಹಿರೇಹಂದಿಗೋಳದಿಂದ ಬಂದ ನನ್ನ ಅಕ್ಕ ನೀಲವ್ವ, ನೋಡಿದವಳೇ ಕೈ ಮುಗಿದಳು.

"ಅಮ್ಮ ಬಂದಾಳೋ ತಮ್ಮಾ. ದವಾಖಾನಿ ಅಂತ ಓಡಬ್ಯಾಡ. ಬಂದಾಕಿ ತಾನ ಹೋಗತಾಳ."

ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದೆವು. ಅಡುಗೆಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದೆವು. ನಾನು ರಜೆ ಹಾಕಿದೆ. ಅಮ್ಮ ಬಂದ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಹಾಗಾಗಿ ಇದು ಬೇರೆ ಏನೋ ಇರಬಹುದು ಎಂದು ಹೇಳುವವರೂ ಬರಲಿಲ್ಲ. ಒಡೆದ ಗುಳ್ಳೆ ಒಣಗಿ ಹಕ್ಕಳೆ ಕಟ್ಟಬೇಕಿತ್ತು. ಕಟ್ಟಲಿಲ್ಲ, ಹಸಿಯಾಗಿ, ಕೆಂಪಗೆ ಉಳಿಯಿತು. ತಾಯಿ ಮುನಿದಿದ್ದಾಳೆ ಎಂದಳು ಅಕ್ಕ. ಒಂಬತ್ತನೇ ದಿನ ಬೇವಿನ ಎಲೆ, ಅರಿಶಿನ ಅರೆದು ಮೈಗೆ ಹಚ್ಚಿ, ತಿಕ್ಕಿ, ನೀರು ಹಾಕಬೇಕೆಂದಳು. ಅಕ್ಕನಿಗೆ ಮೊಣಕಾಲು ನೋವು, ಬಚ್ಚಲಲ್ಲಿ ಕೂರಲಾಗದು.

ನಾನೇ ತಿಕ್ಕಿದೆ.

"ಬ್ಯಾಡ್ರೀ, ಉರಿತೈತಿ" ಎಂದಳು ಕಸ್ತೂರಿ.

"ಇನ್ನೊಂದೀಟು ತಡಕೋ, ಮುಗೀತು" ಎಂದು ಕೈ ಒತ್ತಿ ಎಳೆದೆ.

ಬೆನ್ನಿನ ಚರ್ಮ ನನ್ನ ಅಂಗೈಗೆ ಬಂತು.

ಗುಳ್ಳೆ ಇಲ್ಲದ ಜಾಗದ ಚರ್ಮ. ನೆಟ್ಟಗಿದ್ದ ಚರ್ಮ. ಅವಳು ಹೊರಳಿ ಮೊದಲು ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಆ ನೋಟ ಸಾಯುವ ತನಕ ನನ್ನನ್ನು ಬಿಡುವುದಿಲ್ಲ.

ಅಕ್ಕನ ಮಾತು ಕೇಳದೆ ಬಾಡಿಗೆ ಕಾರು ಮಾಡಿ ಗದಗಿಗೆ ಕರೆದೊಯ್ದೆ. ಸ್ಕಿನ್ ವಾರ್ಡಿನ ಡಾಕ್ಟರು ನನ್ನ ಮಗಳ ವಯಸ್ಸಿನವರು. ಬಯಾಪ್ಸಿ ಮಾಡಿಸಿದರು. ಪೆಂಫಿಗಸ್ ಎಂದರು. ನಾನು ಎಂದೂ ಕೇಳದ ಹೆಸರು.

"ಇದು ಅಮ್ಮ ಅಲ್ರಿ, ಒಬ್ಬರಿಂದ ಒಬ್ಬರಿಗೆ ಹತ್ತೂದೂ ಅಲ್ಲ. ಚರ್ಮದ ಸೆಲ್ಸ್ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿರತಾವ. ಇವರ ರಕ್ತದಾಗ ಆ್ಯಂಟಿಬಾಡಿ ಹುಟ್ಟಿ ಆ ಹಿಡಿತಾನ ಬಿಡಿಸಾಕತ್ತಾವ. ಅದಕ್ಕ ಮುಟ್ಟಿದರ ಚರ್ಮ ಜಾರತೈತಿ."

"ನಾನು ತಿಕ್ಕಿಬಿಟ್ಟೇನ್ರಿ" ಎಂದೆ.

"ರೋಗ ನೀವು ತಿಕ್ಕಿದ್ದಕ್ಕ ಬಂದಿಲ್ಲ. ಆದ್ರ ಗಾಯ ದೊಡ್ಡದಾತು. ಇನ್‌ಫೆಕ್ಷನ್ ಆದ್ರ ಜೀವಕ್ಕ ಅಪಾಯ ಐತ್ರಿ."

ಸುಳ್ಳು ಸಮಾಧಾನ ಹೇಳಲಿಲ್ಲ. ಅವರ ಮೇಲೆ ಸಿಟ್ಟೂ ಬಂತು, ನಂಬಿಕೆಯೂ ಬಂತು.

ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಹೋಗತೊಡಗಿತು. ಶುಗರ್ ಏರಿತು, ಇನ್ಸುಲಿನ್ ಶುರುವಾಯಿತು. ಹಾಸಿಗೆಯ ಬಟ್ಟೆ ಗಾಯಕ್ಕೆ ಅಂಟುತ್ತದೆಂದು ಬಾಳೆ ಎಲೆಯ ಮೇಲೆ ಮಲಗಿಸಿದರು. ಎಲೆ ತೊಳೆದು, ಎಣ್ಣೆ ಸವರಿ ಹಾಸುವುದು. ದಿನಾ ಬೆಳಿಗ್ಗೆ ಮಾರ್ಕೆಟ್ಟಿನಿಂದ ಎಲೆ ತರುವುದು ನನ್ನ ಕೆಲಸ. "ಯಾರ ಮದುವಿರೀ ಯಜಮಾನ್ರ, ದಿನಾ ಎಲಿ ಒಯ್ಯಾಕತ್ತೀರಿ?" ಎಂದು ಎಲೆ ಮಾರುವವಳು ನಕ್ಕಳು. ಹೌದೆಂದು ತಲೆಯಾಡಿಸಿ ಬಂದೆ.

ಕಸ್ತೂರಿ ನನ್ನನ್ನು ಮುಟ್ಟಗೊಡಲಿಲ್ಲ.

ನೀರು ಕುಡಿಸಲು ಹೋದರೆ "ಸಿಸ್ಟರ್‌ನ ಕರೀರಿ" ಎನ್ನುತ್ತಿದ್ದಳು. ಮಗ್ಗುಲು ಹೊರಳಿಸಲು ಕೈ ಚಾಚಿದರೆ ಅವಳ ಮೈ ತನ್ನಷ್ಟಕ್ಕೇ ಹಿಂದೆ ಸರಿಯುತ್ತಿತ್ತು. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ನಮ್ಮ ಸಂಸಾರ ನಡೆದದ್ದೇ ಹಾಗೆ. ಅವಳು ಬೈಯಲೇ ಇಲ್ಲ. ಎಲೆ ಹಾಸಿ, ಮಂಚದಿಂದ ಎರಡು ಹೆಜ್ಜೆ ದೂರ ನಿಂತುಕೊಳ್ಳುತ್ತಿದ್ದೆ.

ನಡುವೆ ಜ್ವರ ಬಂತು. ಗಾಯಕ್ಕೆ ಕೀವು ಸೇರಿತ್ತು. ಐದು ದಿನ ಅವಳು ಯಾರನ್ನೂ ಗುರುತಿಸಲಿಲ್ಲ. ಆ ಐದು ದಿನದಲ್ಲಿ ನನಗೆ ನೆನಪಿರುವುದು ವಾಸನೆ ಮಾತ್ರ. ಬಾಡಿದ ಎಲೆ, ಔಷಧ, ಕೀವು. ಅವಳು ಹೋಗಿಬಿಡುತ್ತಾಳೆ, ನಾನು ಕೈ ಒತ್ತಿ ಎಳೆದದ್ದೇ ನಮ್ಮ ನಡುವಿನ ಕೊನೆಯ ಸ್ಪರ್ಶವಾಗುತ್ತದೆ ಎಂದು ವಾರ್ಡಿನ ಹೊರಗೆ ಕುಳಿತು ಅತ್ತೆ.

ಆಂಟಿಬಯಾಟಿಕ್ ಬದಲಿಸಿದ ಮೇಲೆ ಜ್ವರ ಇಳಿಯಿತು. ಆ ಆ್ಯಂಟಿಬಾಡಿ ಹುಟ್ಟುವುದನ್ನು ತಡೆಯಲು ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟರು. ಕೆಲ ವಾರ ಕಳೆದ ಮೇಲೆ ಡಾಕ್ಟರು ನನ್ನನ್ನು ಕರೆದು ಗಾಯದ ಅಂಚು ತೋರಿಸಿದರು. ತೆಳ್ಳನೆಯ ಗುಲಾಬಿ ಗೆರೆ.

"ಅಂಚಿನ ಸೆಲ್ಸ್ ತೆವಳಕೋತ ಒಳಗ ಬರಾಕತ್ತಾವ ನೋಡ್ರಿ. ಹೊಟ್ಯಾಗ ಕೂಸು ಬೆಳಿಯೂಮುಂದನೂ ಹಿಂಗ, ಸೆಲ್ಸ್ ನಡಕೋತ ಹೋಗಿ ತಮ್ಮ ಜಾಗಾ ಹಿಡಿತಾವ. ಬಂದ್ರ ಸಾಲದು, ಹಿಡ್ಕೊಂಡು ನಿಲ್ಲಬೇಕ್ರಿ."

ಅಂದಿನಿಂದ ನನಗೆ ಅದೇ ಧ್ಯಾನ. ಇದೇ ಮೈಯೊಳಗೆ ನಮ್ಮ ಮಗಳು ಒಂದೊಂದೇ ಕಣವಾಗಿ ಕೂಡಿಕೊಂಡು ಬೆಳೆದಳು. ಆಗ ಯಾರೂ ಯಾವ ಕಣಕ್ಕೂ ದಾರಿ ತೋರಿಸಿರಲಿಲ್ಲ, ನಾನಂತೂ ಡ್ಯೂಟಿಯ ಮೇಲಿದ್ದೆ. ಈಗ ಒಂದು ಬೆರಳಿನಷ್ಟು ಚರ್ಮ ಮುಂದೆ ಬರಲು ಇಷ್ಟು ದಿನ. ಅವಸರ ಮಾಡಲು ಬರುವುದಿಲ್ಲ. ಒದರಿದರೆ ಕೇಳುವುದಿಲ್ಲ.

ಡಿಸ್ಚಾರ್ಜ್ ದಿನ ಸಿಸ್ಟರ್ ಕೇಳಿದರು, ಮನೆಯಲ್ಲಿ ಡ್ರೆಸ್ಸಿಂಗ್ ಯಾರು ಮಾಡುತ್ತೀರಿ ಎಂದು. ಲಕ್ಷ್ಮೇಶ್ವರದಿಂದ ಮಗಳು ಬರುತ್ತಾಳೆ ಎಂದೆ. ಕಸ್ತೂರಿ ನನ್ನ ಕಡೆ ನೋಡಿದಳು. ಸ್ಟೀರಾಯ್ಡಿನಿಂದ ಮುಖ ಊದಿ ಅವಳ ಕಣ್ಣು ಸಣ್ಣಗಾಗಿದ್ದವು. ಮಗಳು ಹದಿನೈದು ದಿನ ಇದ್ದು ಹೋದಳು.

ಅವಳು ಹೋದ ಮರುದಿನ ಬೆಳಿಗ್ಗೆ, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕಸ್ತೂರಿ ಕುಳಿತಳು.

"ನೀವ ಬಿಚ್ಚರಿ" ಎಂದಳು.

"ನರ್ಸಬಾಯಿನ ಕರಕೊಂಡ ಬರ್ತೀನಿ ತಡಿ."

"ನೀವ ಬಿಚ್ಚರಿ ಅಂದೆ. ಅವಸರ ಮಾಡಬ್ಯಾಡ್ರಿ."

ಡ್ರೆಸ್ಸಿಂಗಿನ ಅರಿವೆ, ಆ ಗಾಜ್ ಬಟ್ಟೆ, ಗಾಯಕ್ಕೆ ಒಂದು ಕಡೆ ಅಂಟಿತ್ತು. ಸಲೈನ್ ಹನಿಸಿ ಕುಳಿತೆ. ಮತ್ತೆ ಹನಿಸಿದೆ. ಅರ್ಧ ಗಂಟೆಯೋ, ಹೆಚ್ಚೋ. ಅವಳ ಬೆನ್ನು ಬಿಗಿದುಕೊಂಡಿತ್ತು. ಹಿಂದೆ ಮಾತ್ರ ಸರಿಯಲಿಲ್ಲ. ಡಾಕ್ಟರು ಹೇಳಿದ್ದಾರೆ, ಈ ರೋಗ ತಿರುಗಿ ಬರಬಹುದು, ಗುಳಿಗೆ ಬಹಳ ಕಾಲ ಇರುತ್ತವೆ. ಬರಲಿ ಬಿಡಲಿ, ಅಂದು ಆ ಬಟ್ಟೆಯನ್ನು ಎಳೆಯಬಾರದು, ಅಷ್ಟೇ ನನ್ನ ತಲೆಯಲ್ಲಿತ್ತು. ಕೊನೆಗೆ ಬಟ್ಟೆ ತಾನಾಗಿ ಎದ್ದಿತು. ಅದನ್ನು ಅವಳ ಮುಂದೆ ಹಿಡಿದೆ. ಅವಳು ಮಡಚಿ, ಬಿಚ್ಚಿ, ಎರಡೂ ಕಡೆ ನೋಡಿದಳು.

"ಬರೇ ಅರಿವಿ ಬಂದೈತಿ" ಎಂದಳು.

"ಹೂಂ. ಬರೇ ಅರಿವಿ" ಎಂದೆ.