ನೀರಿನ ಟಾಕಿಯ ಕೆಳಗೆ ಹಳದಿ ಬಾಗಿಲು

ಅವರ ಎಡಗಣ್ಣಿನ ಸುತ್ತ ಬಲಗಣ್ಣಿಗಿಂತ ದುಪ್ಪಟ್ಟು ಸುಕ್ಕುಗಳಿದ್ದವು. ಇಪ್ಪತ್ತು ವರ್ಷ ಬೋಟಿನಲ್ಲಿ ನಿಂತು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ದಡ ನೋಡಿದ್ದರ ಫಲ ಅದು. ಫೋಟೋಗೆ ನಿಂತರೂ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕನ್ನಡ ಕೂಟದ ಯುಗಾದಿ ಗ್ರೂಪ್ ಫೋಟೋಗಳನ್ನು ತೆಗೆದು ನೋಡಿದರೆ ಪ್ರತಿವರ್ಷವೂ ಅವರು ಯಾರಿಗೋ ಕಣ್ಣು ಹೊಡೆಯುತ್ತಿರುವಂತೆ ಕಾಣುತ್ತಾರೆ.

ಅಮೆರಿಕದ ವಿಕ್ಸಮ್ ಹತ್ತಿರದ ನಮ್ಮ ಲೇಕು ಚಿಕ್ಕದು. ಈ ದಡದಲ್ಲಿ ನಮ್ಮ ಮನೆ, ಎದುರಿಗೆ ಅವರದು. ಹಾಗಾಗಿ ನಮ್ಮಲ್ಲಿ ಅವರಿಗೆ 'ಆಚೆ ದಡದವರು' ಎಂದೇ ಹೆಸರು. ಕೃಷ್ಣಾ ತೀರದ ಊರಿನವರು. ಲಿವೋನಿಯಾದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳ ಅಳತೆ ಪರೀಕ್ಷಿಸಿ ರಿಟೈರ್ ಆಗಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗ ಸೌತ್‌ಫೀಲ್ಡ್‌ನಲ್ಲಿದ್ದ. ರಿಟೈರ್ ಆಗುವ ಮುಂಚಿನಿಂದಲೂ ಅವರು ಲೇಕ್ ಅಸೋಸಿಯೇಷನ್ನಿನ ಒಂದು ಕೆಲಸವನ್ನು ತಾವಾಗಿಯೇ ವಹಿಸಿಕೊಂಡಿದ್ದರು: ಮೇ ತಿಂಗಳಲ್ಲಿ ನೀರಿನ ಮೇಲೆ ಮಾರ್ಕರುಗಳನ್ನು ಇಡುವುದು, ಅಕ್ಟೋಬರ್ ಕೊನೆಗೆ ತೆಗೆಯುವುದು.

ಮಾರ್ಕರ್ ಎಂದರೆ ಕಿತ್ತಳೆ ಪಟ್ಟಿಯ ಬಿಳೀ ಡ್ರಮ್ಮು. ಕೆಳಗೆ ಸರಪಳಿ, ಅದರ ತುದಿಗೆ ಕಾಂಕ್ರೀಟ್ ದಿಮ್ಮಿ. ಇಲ್ಲಿ ನೀರು ಕಡಿಮೆ, ಇಲ್ಲಿ ಕಲ್ಲಿದೆ ಎಂದು ಬೋಟಿನವರಿಗೆ ಹೇಳುವುದು ಅದರ ಕೆಲಸ. ಅವರು ಅದಕ್ಕೆ 'ಬುರುಡಿ' ಎನ್ನುತ್ತಿದ್ದರು. ಸಣ್ಣವರಿದ್ದಾಗ ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಹೊಳೆಯಲ್ಲಿ ಈಜು ಕಲಿತವರಂತೆ. ನೀರಿನ ಮೇಲೆ ತೇಲುವುದೆಲ್ಲ ಅವರಿಗೆ ಬುರುಡಿಯೇ.

ಅಂಥ ಬುರುಡಿಗಳು ನಮ್ಮ ಲೇಕಿನಲ್ಲಿ ಏಳು. ಆರು ಹೇಗಿದ್ದರೂ ನಡೆಯುತ್ತಿತ್ತು. ಏಳನೆಯದು ನಡುನೀರಿನ ಒಂದು ಕಲ್ಲಿನದು. ಊಟದ ಟೇಬಲ್ಲಿನಷ್ಟಗಲ, ನೀರಿನಿಂದ ಒಂದೇ ಅಡಿ ಕೆಳಗೆ, ಮೇಲಿನಿಂದ ಏನೇನೂ ಕಾಣದು. ಅದಕ್ಕೆ ಮಾರ್ಕರ್ ಇಲ್ಲದ ಕಾಲದಲ್ಲಿ ಒಬ್ಬ ಹೆಂಗಸು ಬೋಟಿನಿಂದ ಎಗರಿಬಿದ್ದು ಕಾಲರ್ ಬೋನ್ ಮುರಿದುಕೊಂಡಿದ್ದಳಂತೆ.

ಒಂದೇ ಲೇಕಿನವರಾದರೂ ಹನ್ನೆರಡು ವರ್ಷ ನಮ್ಮದು ನಮಸ್ಕಾರದಷ್ಟೇ ಪರಿಚಯ. ಅವರು ನನಗಿಂತ ನಾಲ್ಕು ವರ್ಷ ದೊಡ್ಡವರು, ಆದರೂ ನನಗೆ 'ಅಕ್ಕಾರ' ಎನ್ನುತ್ತಿದ್ದರು. ನಾನು 'ಸಾರ್' ಎನ್ನುತ್ತಿದ್ದೆ. ನಿಜವಾದ ಪರಿಚಯವಾದದ್ದು ನಮ್ಮ ಯಜಮಾನರು ಹೋದ ಮರುವರ್ಷದ ಮೇ ತಿಂಗಳಲ್ಲಿ.

ಆಗ ಮಗಳು ನನ್ನನ್ನು ಶಿಕಾಗೋ ಕಡೆಗೆ, ನೇಪರ್‌ವಿಲ್‌ನ ತನ್ನ ಮನೆಗೆ ಕರೆದುಕೊಂಡು ಹೋಗಲು ತಯಾರಾಗಿ ನಿಂತಿದ್ದಳು. ಮನೆ ಮಾರಾಟಕ್ಕಿಟ್ಟಿದ್ದೆವು. ನನಗೂ ಬೇಡವೆನ್ನಲು ಕಾರಣವಿರಲಿಲ್ಲ. ಅಲ್ಲಿ ಒಂದು ರೂಮು, ಒಂದು ಟಿವಿ, ಔಷಧಿ ನೆನಪಿಸಲು ಒಬ್ಬರು. ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುವವರೇ. ಆದರೆ ನಾನು ಬೇಕು ಎನ್ನುವ ಕೆಲಸ ಮಾತ್ರ ಆ ಮನೆಯಲ್ಲಿ ಒಂದೂ ಇರಲಿಲ್ಲ.

ಲೇಕಿನ ಕಡೆಗಿನ ನಮ್ಮ ಬಾಗಿಲಿಗೆ ಯಜಮಾನರು ಅರಿಶಿನದಂಥ ಹಳದಿ ಬಳಿದಿದ್ದರು. "ಬಯರ್ಸ್ ಲೈಕ್ ನ್ಯೂಟ್ರಲ್ ಕಲರ್ಸ್" ಎಂದಳು ಮನೆ ಮಾರಿಸಿಕೊಡುವ ರಿಯಲ್ಟರ್. ಸರಿ, ಬೂದಿ ಬಣ್ಣ ಹೊಡೆಸಿದೆ.

ನಾಲ್ಕು ದಿನ ಕಳೆದಿತ್ತು. ಮಧ್ಯಾಹ್ನ ಅದೇ ಬಾಗಿಲು ಬಡಿದ ಸದ್ದು. ತೆಗೆದರೆ ಆಚೆ ದಡದವರು. ಮೊಣಕಾಲಿನವರೆಗೆ ಒದ್ದೆ, ಹಣೆಯ ಮೇಲೆ ತರಚಿದ ಗಾಯ. ಹಿಂದೆ, ನೀರಿಗೆ ಚಾಚಿದ ನಮ್ಮ ಹಲಗೆಯ ಡಾಕಿಗೆ ಕಟ್ಟಿದ ಅವರ ಅಲ್ಯುಮಿನಿಯಂ ಬೋಟು. ಮೋಟಾರಿನ ರೆಕ್ಕೆ ಸೊಟ್ಟಗಾಗಿತ್ತು.

"ಅಕ್ಕಾರ, ನಿಮ್ಮ ಬಾಗಲಾ ಎಲ್ಲಿ ಹೋತ್ರಿ?"

"ಅದರ ಮುಂದೇನೇ ನಿಂತಿದೀರಲ್ಲ ಸಾರ್!"

"ಇದಲ್ರಿ. ಹಳದಿ ಬಾಗಲಾ. ನಂದು."

"ನಿಮ್ದಾ?"

"ಹನ್ನೆರಡು ವರ್ಷ ಆತ್ರಿ ಅದನ್ನ ನೋಡಕೋತ ಬಂದು. ನಿಮಗಿಂತ ಹೆಚ್ಚ ನಾನ ನೋಡೀನಿ."

ಹಣೆಗೆ ಹತ್ತಿ ಒತ್ತಿಕೊಂಡು ಕೂತ ಮೇಲೆ ಬಿಡಿಸಿ ಹೇಳಿದರು. ನೀರಿನೊಳಗಿನ ಕಲ್ಲನ್ನು ಹುಡುಕಬೇಕಾದರೆ ದಡವನ್ನು ನೋಡಬೇಕಂತೆ. ಬೋಟಿನಲ್ಲಿ ನಿಂತು ಒಂದು ಕಣ್ಣು ಮುಚ್ಚಬೇಕು. ನಮ್ಮ ಹಳದಿ ಬಾಗಿಲು, ಅದರ ಹಿಂದೆ ದೂರದಲ್ಲಿ ಎದ್ದುಕಾಣುವ ಊರಿನ ನೀರಿನ ಟಾಕಿಯ ಸರಿಯಾಗಿ ಕೆಳಗೆ ಬರಬೇಕು. ಅದೇ ಗೆರೆ ಹಿಡಿದು ನಿಧಾನ ಮುಂದೆ ಬಂದರೆ ಬಲಗಡೆ ದೋಣಿ ಇಡುವ ಹಸಿರು ಬೋಟ್‌ಹೌಸಿನ ಮೂಲೆಯೂ ಅದರ ಹಿಂದಿನ ಬಾವುಟದ ಕಂಬವೂ ಒಂದಾಗುತ್ತವೆ. ಎರಡು ಗೆರೆ ಕೂಡಿದಲ್ಲಿ, ಬೋಟಿನ ಕೆಳಗೆ, ಕಲ್ಲು.

ಆ ದಿನ ಬುರುಡಿ ಇಡಲು ಹೊರಟವರು ಹಳದಿ ಹುಡುಕಿದ್ದಾರೆ. ನಮ್ಮ ಬಾಗಿಲು ಬೂದಿ. ಎರಡು ಮನೆಯಾಚೆ ಫಾರ್ಸಿಥಿಯಾ ಪೊದೆ ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು. ಅದನ್ನೇ ಬಾಗಿಲೆಂದುಕೊಂಡು, ಅದಿನ್ನೂ ಟಾಕಿಯ ಕೆಳಗೆ ಬಂದಿಲ್ಲ, ಕಲ್ಲು ಇನ್ನೂ ದೂರವಿದೆ ಎಂಬ ಧೈರ್ಯದಲ್ಲಿ ಜೋರಾಗಿ ಬಂದು, ಬೋಟನ್ನು ಕಲ್ಲಿನ ಮೇಲೆಯೇ ಹತ್ತಿಸಿದ್ದರು.

ಹಣೆಯ ಗಾಯ ಎರಡಂಗುಲ ಕೆಳಗಾಗಿದ್ದರೆ? ಭಯ ನನ್ನಲ್ಲಿ ಯಾವಾಗಲೂ ಸಿಟ್ಟಾಗಿಯೇ ಹೊರಬರುತ್ತದೆ. "ಜಿಪಿಎಸ್ ಕಾಲದಲ್ಲಿ ಯಾರಾದ್ರೂ ಬಾಗಿಲು ನೋಡ್ಕೊಂಡು ಬೋಟ್ ಡ್ರೈವ್ ಮಾಡ್ತಾರಾ? ನಮ್ಮ ಬಾಗಿಲು ಉಪಯೋಗಿಸ್ತಿದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?"

"ಫೋನಿನ ಲೆಕ್ಕ ಹದಿನೈದ ಫೂಟ್ ಆಕಡೆ ಈಕಡೆ ಆಕ್ಕೈತ್ರಿ. ಕಲ್ಲು ಇರೂದ ಆರು ಫೂಟ್." ಕಾಫಿಯನ್ನು ಬಸಿಗೆ ಸುರಿದುಕೊಂಡು ಊದಿದರು. "ಇನ್ನ ಹೇಳೂದು ಅಂದ್ರ... ಧ್ರುವ ನಕ್ಷತ್ರಕ್ಕ ಯಾರರ ಹೇಳಿರ್ತಾರೇನ್ರಿ, ನಿನ್ನ ನೋಡ್ಕೊಂಡ ಹೊಂಟೀವಿ ಅಂತ?"

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಯಾರಾದರೂ ಹೊಗಳಿದರೆ ಗ್ರೇಸ್‌ಫುಲ್ ಆಗಿ ಥ್ಯಾಂಕ್ಯೂ ಹೇಳಬೇಕೆಂದು ಸಿಸ್ಟರ್ ಕಲಿಸಿದ್ದರು. ಆ ದಿನ ಥ್ಯಾಂಕ್ಯೂ ಬದಲು ಇನ್ನೊಂದು ಲೋಟ ಕಾಫಿ ಮಾಡಿದೆ.

ಮರುದಿನ ಬೇಸ್‌ಮೆಂಟಿನಲ್ಲಿ ಯಜಮಾನರ ಹಳೆಯ ಪೇಂಟ್ ಡಬ್ಬಿ ಹುಡುಕಿ, ಅದರ ಮುಚ್ಚಳವನ್ನು ಅಂಗಡಿಗೆ ಒಯ್ದು, ಅದೇ ಹಳದಿಯನ್ನು ಕಲಸಿಸಿ ತಂದೆ. ಬಾಗಿಲಿಗೆ ನಾನೇ ಬಳಿದೆ. ಒಂದು ವಾರ ಬಿಟ್ಟು ಮಾರಾಟದ ಬೋರ್ಡನ್ನೂ ತೆಗೆಸಿದೆ. ಮಗಳು ಫೋನಿನಲ್ಲಿ ಕೂಗಾಡಿದಳು: "ಅಮ್ಮಾ, ಯು ಆರ್ ನಾಟ್ ಮೂವಿಂಗ್ ಬಿಕಾಸ್ ಆಫ್ ಎ ಡೋರ್?"

"ಡೋರ್ ಅಲ್ಲ ಕಣೇ," ಎಂದೆ, "ಕಲ್ಲು."

ಆ ಅಕ್ಟೋಬರಿನಿಂದ ಬುರುಡಿ ತೆಗೆಯುವ ದಿನ ನಾನೂ ಅವರ ಬೋಟಿನಲ್ಲಿರುತ್ತಿದ್ದೆ. ಆ ಹೊತ್ತಿಗೆ ಮರಗಳ ಬಣ್ಣ ಮುಗಿದಿರುತ್ತದೆ, ನೀರಿನ ಮೇಲೆ ಎಲೆಗಳು ಕೊಳೆಯುತ್ತಿರುತ್ತವೆ. ಅಸೋಸಿಯೇಷನ್ನಿನ ಸೆಕ್ರೆಟರಿ, ರಿಟೈರ್ಡ್ ನರ್ಸ್ ಆದ ಒಬ್ಬ ಅಮೆರಿಕನ್ ಹೆಂಗಸು, ರಾಟೆ ತಿರುಗಿಸುತ್ತಿದ್ದಳು. ಸರಪಳಿ ಜೊಂಡು ಮೆತ್ತಿಕೊಂಡು ಮೇಲೆ ಬರುತ್ತಿತ್ತು. ಇವರು ಅದನ್ನು ಕೋಲಿನಿಂದ ಕೆರೆಯುತ್ತ, ಪ್ರತಿ ಬುರುಡಿಗೂ ಬೆನ್ನು ತಟ್ಟಿ "ಬಾರಪಾ, ಸಾಕಾತು" ಎನ್ನುತ್ತಿದ್ದರು.

ಚಳಿಗಾಲಕ್ಕೂ ನೀರಿನಲ್ಲೇ ಬಿಟ್ಟರೇನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ.

"ಐಸ್ ಬಂದು ಎಳಕೊಂಡ್ ಹೋಗಿ ಎಲ್ಲೋ ಒಗೀತದ್ರಿ. ಸುಳ್ಳು ಜಾಗಾದಾಗ ನಿಂತ ಬುರುಡಿ ಇಲ್ಲದ ಬುರುಡಿಗಿಂತ ಕೆಟ್ಟದ್ದು."

ತೆಗೆದ ಮೇಲೆ ಇನ್ನೊಂದು ಕೆಲಸವಿತ್ತು. ನವೆಂಬರಿನಲ್ಲೂ ಕೆಲವರ ಬೋಟುಗಳು ನೀರಿನಲ್ಲೇ ಇರುತ್ತವೆ. ಮೀನು ಹಿಡಿಯುವವರು, ಇನ್ನೊಂದೇ ಒಂದು ಬಿಸಿಲಿನ ಭಾನುವಾರಕ್ಕೆ ಕಾಯುವವರು. ಅಂಥ ಪ್ರತಿ ಮನೆಗೂ ಹೋಗಿ, ಬಾಗಿಲು ತಟ್ಟಿ, "ಮಾರ್ಕರ್ಸ್ ಆರ್ ಔಟ್. ಗೋ ಸ್ಲೋ" ಎಂದು ಹೇಳಿ, ಕೈಗೆ ಎರಡು ಶೇಂಗಾ ಉಂಡಿ ಕೊಟ್ಟು ಬರುತ್ತಿದ್ದರು. ಈಮೇಲ್ ಕಳಿಸಿದರೆ ಸಾಲದೇ ಎಂದು ಸೆಕ್ರೆಟರಿ ಕೇಳಿದರೆ, ಈಮೇಲಿಗೆ ಉಂಡಿ ಅಂಟುವುದಿಲ್ಲ ಎನ್ನುತ್ತಿದ್ದರು. ಬೋಟೇ ಇಲ್ಲದ ಒಂದಿಬ್ಬರು ಕೂಡ ಉಂಡಿಗಾಗಿ ಬಾಗಿಲಲ್ಲಿ ಕಾದಿರುತ್ತಿದ್ದರು.

ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಒಬ್ಬಳು ನಗುತ್ತ ಚುಚ್ಚಿದಳು: "ಏನ್ ಆಂಟಿ, ನಿಮ್ದು ಭಾರೀ ಬೋಟಿಂಗ್ ನಡೀತಿದೆಯಂತೆ?"

"ಹೌದಮ್ಮಾ, ನೀನೂ ಬಾ. ಥರ್ಟಿ ಏಯ್ಟ್ ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಸರಪಳಿ ಎಳೆಯೋಕೆ ಜನ ಸಾಲ್ತಿಲ್ಲ."

ಆಚೆ ದಡದವರಿಗೆ ಇದನ್ನು ಹೇಳಿದರೆ ಚುಚ್ಚುಮಾತು ತಗುಲಲೇ ಇಲ್ಲ. "ಖರೇನ ಬರ್ತಾರೇನ್ರಿ?" ಎಂದು ಆಸೆಯಿಂದ ಕೇಳಿದರು.

ಏಳೂ ಬುರುಡಿಗಳ ಗುರುತು ಅವರ ಒಂದು ಹಳೆಯ ಡೈರಿಯಲ್ಲಿತ್ತು, ನೀರು ತಾಗದಂತೆ ಜಿಪ್‌ಲಾಕ್ ಕವರಿನಲ್ಲಿ. ಬರೆದಿದ್ದೆಲ್ಲ ಕನ್ನಡದಲ್ಲಿ. 'ಬೊಗಳೂ ನಾಯಿ ಮನಿ ಚಿಮಣಿ, ಅದರ ಮ್ಯಾಲೆ ಒಣಾ ಗಿಡ.' 'ಜಗಳಗಂಟನ ಡಾಕು, ಅದರ ಹಿಂದ ಲೈಟಿನ ಕಂಬ.' ಎರಡನೆಯ ವರ್ಷ ಡೈರಿಯನ್ನು ನನ್ನ ಕೈಗೆ ಕೊಟ್ಟು, ಗುರುತುಗಳನ್ನೆಲ್ಲ ತಾವು ಹೇಳಿದಂತೆ ನಾನು ಹೊಸದಾಗಿ ಬರೆಯಬೇಕು ಎಂದರು. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದವರ ಹೆಸರು ಬ್ಲ್ಯಾಕ್‌ಬೋರ್ಡಿನ ಮೇಲೆ ಸಂಜೆಯವರೆಗೆ ಇರುತ್ತಿತ್ತು. ಮದುವೆಯಾಗಿ ಬಂದ ಮೇಲೆ ನಾನು ಕನ್ನಡದಲ್ಲಿ ಒಂದು ಕಾಗದವನ್ನೂ ಬರೆದವಳಲ್ಲ. "ಇಂಗ್ಲಿಷಲ್ಲಿ ಬರೀಲಾ? ಎಲ್ರಿಗೂ ಉಪಯೋಗ ಆಗತ್ತೆ" ಎಂದೆ.

"ಬ್ಯಾಡ್ರಿ. ಇಂಗ್ಲೀಷಿನ್ಯಾಗ ಬರದ್ರ ಎಲ್ಲಾರೂ ಓದ್ತಾರ. ಆಮ್ಯಾಲ ನನ್ನ ಯಾರ್ ಕರೀತಾರ?"

ಹೇಳಿ ನಕ್ಕರು. ನಾನೂ ನಕ್ಕೆ. ಪೆನ್ನು ಹಿಡಿದು, ಎರಡನೇ ಕ್ಲಾಸಿನ ಹುಡುಗಿಯಂತೆ ಒಂದೊಂದೇ ಅಕ್ಷರ ಕೂಡಿಸಿದೆ. ಇವತ್ತು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಆ ಡೈರಿಯ ದಯೆ.

ಬುರುಡಿ ಸರಿದಿರಬಹುದೆಂದು ತೆಗೆಯುವಾಗಲೂ ಅವರು ಗೆರೆ ನೋಡಿಯೇ ಕಲ್ಲಿನ ಹತ್ತಿರ ಹೋಗುತ್ತಿದ್ದರು. ಮೂರನೆಯ ಅಕ್ಟೋಬರಿನಲ್ಲಿ ಹಾಗೆ ಹೋಗುವಾಗ ಕೇಳಿದರು: "ಅಕ್ಕಾರ, ಬಾಗಲಾ ಬಂತೇನ್ರಿ ಟಾಕಿ ಕೆಳಗ?" ಸಿಸ್ಟರ್ ಗ್ಲೋಬ್ ತಿರುಗಿಸಿ ಪ್ರಶ್ನೆ ಕೇಳುತ್ತಿದ್ದ ಹಾಗೆ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಒಂದು ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಎಡಕ್ಕಿದೆ" ಎಂದೆ. ಮತ್ತೆ ಕೇಳಿದರು. ಮೂರನೆಯ ಸಲ ಕೇಳಿದಾಗ ತಿರುಗಿ ಅವರ ಮುಖ ನೋಡಿದೆ. ಅವರು ಎರಡೂ ಕಣ್ಣು ತೆರೆದುಕೊಂಡು, ನಮ್ಮ ಮನೆಯನ್ನು ಬಿಟ್ಟು ಬೇರೆಲ್ಲಿಯೋ ನೋಡುತ್ತಿದ್ದರು.

ಫಾರ್ಸಿಥಿಯಾ ಪೊದೆ ಆಗ ನೆನಪಾಯಿತು. ಅಷ್ಟು ಅಗಲದ ಪೊದೆಯನ್ನು ಬಾಗಿಲೆಂದುಕೊಳ್ಳಲು ಬೂದಿ ಬಣ್ಣವೊಂದೇ ಸಾಲದು.

ಅವರ ಕಣ್ಣಿನ ಮಾತೆತ್ತಿದ್ದರೆ ಮರುದಿನದಿಂದ ಅವರು ಬೋಟು ಹತ್ತುತ್ತಿರಲಿಲ್ಲ. "ಈಗ ಬಂತು ಸಾರ್. ಸ್ಟ್ರೇಟ್ ಹೋಗಿ," ಎಂದೆ. ಆಮೇಲೆ ಕಂಬವನ್ನೂ, ಬೋಟ್‌ಹೌಸನ್ನೂ ಅವರು ಕೇಳುವ ಮುಂಚೆಯೇ ಹೇಳಿಬಿಟ್ಟೆ, ಹರಟೆ ಹೊಡೆಯುವವಳ ಹಾಗೆ. ಕಲ್ಲಿನ ಬುರುಡಿ ಬೋಟಿನೊಳಗೆ ಬಂದ ಮೇಲೆ ಸರಪಳಿ ಒರೆಸುತ್ತ, ನನ್ನ ಕಡೆ ನೋಡದೆ, "ಕಾನ್ವೆಂಟಿನ್ಯಾಗ ಇದನ್ನೂ ಕಲಸ್ತಾರೇನ್ರಿ?" ಎಂದರು.

"ಯಾವುದನ್ನ?"

"ಗೊತ್ತಿದ್ದೂ ಗೊತ್ತಿಲ್ದಂಗ ಇರೂದನ್ನ."

ಅಂದು ದಡಕ್ಕೆ ಹೋಗದೆ, ಮೋಟಾರು ನಿಲ್ಲಿಸಿ ನಡುನೀರಿನಲ್ಲಿ ಸ್ವಲ್ಪ ಹೊತ್ತು ಕೂತೆವು. ಸೆಕ್ರೆಟರಿ ಥರ್ಮಾಸಿನಿಂದ ಟೀ ಸುರಿದಳು. ಒಂದೂ ಗುರುತಿಲ್ಲದ ನೀರು ಬೆಳ್ಳಗೆ, ದೊಡ್ಡದಾಗಿ ಕಾಣುತ್ತಿತ್ತು. "ಕಲ್ಲೇನ್ ಓಡಿ ಹೋಗೂದಿಲ್ರಿ. ಓಡಾವ್ರು ನಾವು," ಎಂದರು ಅವರು. ಆಮೇಲೆ ನನ್ನನ್ನೇ ಮೋಟಾರಿನ ಹತ್ತಿರ ಕೂರಿಸಿದರು. "ಮನೀಗೆ ನಡ್ರಿ. ಬಾಗಲಾ ಟಾಕಿ ಕೆಳಗ ಬರಬಾರ್ದು ಈಗ. ಎಡಕ್ಕ ಇರ್ಲಿ." ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಬೋಟು ನಡೆಸಿದೆ, ಸೈಕಲ್ಲಿಗಿಂತ ನಿಧಾನವಾಗಿ.

ಫೆಬ್ರವರಿಯಲ್ಲಿ ಅವರು ಹೋದರು. ನಿದ್ದೆಯಲ್ಲಿ, ಹೃದಯ ನಿಂತು. ಲೇಕು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಅವರ ಅಂಗಳದಲ್ಲಿ ಏಳು ಬುರುಡಿಗಳು ಹಿಮ ಹೊದ್ದು ಸಾಲಾಗಿ ನಿಂತಿದ್ದನ್ನು ನಮ್ಮ ಕಿಟಕಿಯಿಂದ ನೋಡುತ್ತಿದ್ದೆ. ಉಂಡಿ ತಿಂದವರೆಲ್ಲ ಫ್ಯೂನರಲ್ ಹೋಮಿಗೆ ಬಂದಿದ್ದರು.

ಏಪ್ರಿಲ್ ಕೊನೆಗೆ ಸೆಕ್ರೆಟರಿ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಜಿಪ್‌ಲಾಕ್ ಕವರು. ಅವರ ಮಗ ಕೊಟ್ಟನಂತೆ. ಅವನು ಇಲ್ಲೇ ಹುಟ್ಟಿದವನು, ಅವನಿಗೆ ಓದಲು ಬರದು. ಅವಳು ಫೋನಿನಿಂದ ಅನುವಾದಿಸಿ ನೋಡಿದರೆ ನಾಯಿ, ಜಗಳ, ಒಣಮರ ಎಂದೇನೇನೋ ಬಂತಂತೆ. "ಕ್ಯಾನ್ ಯು ರೀಡ್ ದಿಸ್? ಸಮ್ಮರ್ ಬೋಟ್ಸ್ ಆರ್ ಕಮಿಂಗ್," ಎಂದಳು. ಮುಖದಲ್ಲಿ ಆತಂಕವಿತ್ತು. ಬಹಳ ವರ್ಷದ ಹಿಂದೆ ಕಾಲರ್ ಬೋನ್ ಮುರಿದುಕೊಂಡಿದ್ದವಳು ಅವಳೇ ಎಂದು ಅವತ್ತು ಗೊತ್ತಾಯಿತು.

ಒಂದು ವಾರ ಬಿಟ್ಟು ಹೊರಟೆವು. ಅವಳು ಮೋಟಾರಿನ ಹತ್ತಿರ, ನಾನು ಮುಂದೆ. ಆರು ಬುರುಡಿ ಇಟ್ಟು ಏಳನೆಯದಕ್ಕೆ ಬಂದೆವು. ಎಡಗಣ್ಣು ಮುಚ್ಚಿದೆ. ಫಾರ್ಸಿಥಿಯಾ ಆ ವರ್ಷವೂ ಹೂ ಬಿಟ್ಟಿತ್ತು, ಆದರೆ ಹಳದಿ ಬಾಗಿಲಿನ ಪಕ್ಕದಲ್ಲಿ ಅದು ಪೊದೆಯಾಗಿಯೇ ಕಂಡಿತು. ಬಾಗಿಲು ಮೆಲ್ಲಗೆ ಸರಿದು ಟಾಕಿಯ ಕೆಳಗೆ ಬಂತು. ಕಂಬವೂ ಬೋಟ್‌ಹೌಸೂ ಒಂದಾದವು. "ಸ್ಟಾಪ್" ಎಂದು ಕೋಲನ್ನು ನೀರಿಗಿಳಿಸಿದೆ. ಟಕ್ ಎಂದಿತು.

ಬುರುಡಿ ಇಳಿಸಿದ ಮೇಲೆ ಡೈರಿಯಲ್ಲಿ ಟಿಕ್ ಹಾಕಲು ಆ ಪುಟ ತೆಗೆದೆ. ನನ್ನದೇ ಗುಂಡು ಅಕ್ಷರದ ಸಾಲುಗಳ ಕೆಳಗೆ ಒಂದು ಹೊಸ ಸಾಲು. ಕಣ್ಣು ಕಾಣದವರು ಬರೆದಂತೆ ಸೊಟ್ಟಗೆ, ದೊಡ್ಡದಾಗಿ ಪುಟದ ಅಂಚಿಗೆ ಹರಿದುಹೋಗಿತ್ತು: 'ತಿಳೀದಿದ್ರ ಅಕ್ಕಾರನ್ನ ಕೇಳ್ರಿ.'

ಯಾರಿಗೆ ಬರೆದರೋ. ಆ ಲೇಕಿನ ಸುತ್ತ ಅದನ್ನು ಓದಬಲ್ಲವಳು ನಾನೊಬ್ಬಳೇ.

"ವಾಟ್ ಡಸ್ ಇಟ್ ಸೇ?" ಎಂದು ಸೆಕ್ರೆಟರಿ ಕೇಳಿದಳು.

"ಇಟ್ ಸೇಸ್, ಆಸ್ಕ್ ಮಿ," ಎಂದೆ. ಅವಳು ನಕ್ಕಳು. ನನ್ನ ಕನ್ನಡಕ ಮಂಜಾಗಿತ್ತು.

ಆಮೇಲೆ ಎರಡು ಅಕ್ಟೋಬರುಗಳಲ್ಲಿ ನಾವಿಬ್ಬರೇ ಬುರುಡಿ ತೆಗೆದಿದ್ದೇವೆ. ಉಂಡಿ ನಾನು ಕಟ್ಟುತ್ತೇನೆ, ಅವರಷ್ಟು ಗಟ್ಟಿಯಾಗಿ ಬರುವುದಿಲ್ಲ. ಬಾಗಿಲಿಗೆ ಮತ್ತೊಮ್ಮೆ ಹಳದಿ ಬಳಿದಿದ್ದೇನೆ. ಮಗಳು ಈಗ ನೇಪರ್‌ವಿಲ್‌ನ ಮಾತೆತ್ತುವುದಿಲ್ಲ. ಬೋಟು ಹತ್ತುವಾಗ ಲೈಫ್ ಜಾಕೆಟ್ ಹಾಕಿದೆಯಾ ಎಂದಷ್ಟೇ ಕೇಳುತ್ತಾಳೆ. ಡೈರಿಯನ್ನು ಇಂಗ್ಲಿಷಿಗೆ ಮಾಡಿ ಟೈಪ್ ಮಾಡಿಕೊಟ್ಟರೆ ಎಲ್ಲರಿಗೂ ಅನುಕೂಲ ಎಂದು ಸೆಕ್ರೆಟರಿ ಆಗಾಗ ನೆನಪಿಸುತ್ತಾಳೆ. ಅವಳು ಹೇಳುವುದು ಸರಿಯೇ. ಚಳಿಗಾಲದಲ್ಲಿ ಬಿಡುವಿರುತ್ತದೆ, ಆಗ ಮಾಡುತ್ತೇನೆ ಎಂದಿದ್ದೆ.

ಎರಡು ಚಳಿಗಾಲ ಕಳೆಯಿತು. ಇನ್ನೂ ಮಾಡಿಲ್ಲ.